ದುಡ್ಡು ಕೊಟ್ಟು ಉಸಿರಾಡೋದು ಕಲಿತದ್ದು

ಶಿವಮೊಗ್ಗದಲ್ಲಿ ಆರ್ಟ್ ಆಫ್ ಲಿವಿಂಗ್‌ನವರ ಬೇಸಿಕ್ ಕೋರ್ಸ್ ಮುಗಿಸಿ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಬಂದಾಗ ಅಪ್ಪ ಜಗುಲಿಯಿಂದಲೇ ಕೇಳಿದರು, "ದುಡ್ಡು ಕೊಟ್ಟು ಉಸಿರಾಡೋದು ಕಲ್ತು ಬಂದ್ಯಾ? ಸಂಧ್ಯಾವಂದನೇಲಿ ಪ್ರಾಣಾಯಾಮ ಇರ್ಲಿಲ್ವಾ?"

ಇತ್ತು. ಮಾಡುತ್ತಿರಲಿಲ್ಲ, ಅಷ್ಟೇ.

ಅಧ್ಯಾತ್ಮ ಹುಡುಕಿಕೊಂಡು ಹೋದವನಲ್ಲ ನಾನು. ಎರಡು ಮಳೆಗಾಲ ಕೊಳೆರೋಗ ಬಂದು ಅಡಿಕೆ ಉದುರಿತ್ತು. ಸಾಲ ಬೆಳೆದು ನಿದ್ದೆ ಹೋಗಿತ್ತು. ಗೆಳೆಯನೊಬ್ಬ ಎಳೆದುಕೊಂಡು ಹೋದ.

ಆ ಕೋರ್ಸಿನ ಮುಖ್ಯ ಉಸಿರಾಟದ ಅಭ್ಯಾಸ ಸುದರ್ಶನ ಕ್ರಿಯೆ. ಮೊದಲ ಸಲ ಮಾಡಿದ್ದು ಮರೆತಿಲ್ಲ. ವಜ್ರಾಸನದಲ್ಲಿ ಪ್ರಾಣಾಯಾಮ, ತಿದಿಯ ಹಾಗೆ ರಭಸದಲ್ಲಿ ಉಸಿರೆಳೆದು ಬಿಡುವ ಭಸ್ತ್ರಿಕಾ, ಮೂರು ಓಂಕಾರ. ಆಮೇಲೆ ಗುರುಗಳಾದ ರವಿಶಂಕರರ ಧ್ವನಿಯ ಟೇಪು. ‘ಸೋ ಹಂ’ ಲಯಕ್ಕೆ ಉಸಿರು ಒಮ್ಮೆ ನಿಧಾನ, ಒಮ್ಮೆ ಜೋರು. ಹುಮ್ಮಸ್ಸಿನಲ್ಲಿ ನಾನು ಜಾಸ್ತಿಯೇ ಜೋರು ಮಾಡಿದೆ. ಬೆರಳೆಲ್ಲ ಜುಮ್ಮೆಂದು ಕೈ ಕೊಕ್ಕೆಯ ಹಾಗೆ ಮಡಚಿಕೊಂಡಿತು. ಪಕ್ಕ ಕೂತವರು ಪ್ರಾಣಶಕ್ತಿ ಹರೀತಿದೆ ಎಂದರು. ಪರಿಚಯದ ಡಾಕ್ಟರು ಹೇಳಿದ್ದು ಬೇರೆ. ಉಸಿರು ವಿಪರೀತ ಜೋರಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಕೈ ಸೆಟೆಯುವುದು ಅದಕ್ಕೇ. ನನಗೆ ಡಾಕ್ಟರ ಮಾತೇ ಸರಿ ಅನಿಸಿತು. ಆದರೆ ಆ ರಾತ್ರಿ ಏಳು ಗಂಟೆ ನಿದ್ದೆ ಮಾಡಿದ್ದೂ ಸುಳ್ಳಲ್ಲ.

ಕಷ್ಟ ಇದ್ದದ್ದು ಮನೆಯಲ್ಲಿ. ನಲವತ್ತು ದಿನ ತಪ್ಪಿಸಬೇಡಿ ಅಂದಿದ್ದರು. ಹೊರಗೆ ಆಷಾಢದ ಮಳೆ, ಜಮಖಾನ ಒದ್ದೆ, ಮೂಗು ಕಟ್ಟಿದೆ. ಬೆಚ್ಚಗಿರಲಿ ಅಂತ ಬಚ್ಚಲೊಲೆ ಹತ್ತಿರ ಕೂತೆ. ಭಸ್ತ್ರಿಕಾ ಶುರು ಮಾಡಿದ್ದೇ ತಡ, ಹೊಗೆಯೆಲ್ಲ ಒಳಗೆ! ಕೆಮ್ಮಿ ಕೆಮ್ಮಿ ಸಾಕಾಯಿತು. ಕೊನೆಗೆ ಅಟ್ಟದಲ್ಲಿ ಅಡಿಕೆ ಚೀಲಗಳ ನಡುವೆ ಜಾಗ ಮಾಡಿಕೊಂಡೆ. ಕೊಯ್ಲಿನ ತಿಂಗಳುಗಳಲ್ಲಿ ನಡುರಾತ್ರಿವರೆಗೆ ಅಡಿಕೆ ಸುಲಿಯುವುದಿರುತ್ತದೆ, ಬೆಳಿಗ್ಗೆ ಐದಕ್ಕೆ ಏಳೋದು ಆಗದ ಮಾತು. ಆಗ ಸಂಜೆ, ಊಟ ಕರಗಿದ ಮೇಲೆ, ಕಾಫಿಗೂ ಮೊದಲು.

ಅಪ್ಪನನ್ನು ಮೆತ್ತಗೆ ಮಾಡಿದ್ದು ಗುರುಪರಂಪರೆಯ ಕಥೆ. ರವಿಶಂಕರ್ ಗುರೂಜಿಗೆ ಈ ಕ್ರಿಯೆ ಹೊಳೆದದ್ದು 1982ರಲ್ಲಿ, ನಮ್ಮ ಶಿವಮೊಗ್ಗದ ಕಡೆಯೇ, ಭದ್ರಾ ದಂಡೆಯಲ್ಲಿ ಹತ್ತು ದಿನ ಮೌನವಾಗಿದ್ದ ಮೇಲೆ ಎಂದು ಅವರ ಕಡೆಯವರು ಹೇಳುತ್ತಾರೆ. ಗುರೂಜಿ ಮೊದಲು ಇದ್ದದ್ದು, ಅಮೆರಿಕಾವರೆಗೂ ಹೋಗಿ ಧ್ಯಾನ ಕಲಿಸಿದ ಮಹರ್ಷಿ ಮಹೇಶ ಯೋಗಿಗಳ ಜೊತೆ. 1968ರಲ್ಲಿ ಬೀಟಲ್ಸ್‌ನವರು ಋಷಿಕೇಶಕ್ಕೆ ಬಂದು ಧ್ಯಾನಕ್ಕೆ ಕೂತದ್ದು ಇದೇ ಮಹರ್ಷಿಗಳ ಆಶ್ರಮದಲ್ಲಿ. ಮಹರ್ಷಿಗಳ ಗುರು ಬದರಿ ಹತ್ತಿರದ ಜ್ಯೋತಿರ್ಮಠದ ಶಂಕರಾಚಾರ್ಯ ಬ್ರಹ್ಮಾನಂದ ಸರಸ್ವತಿ. ನಾವು ಕೋರ್ಸಿನಲ್ಲಿ ಹೇಳುವ ‘ಜೈ ಗುರುದೇವ್’ ಮಹರ್ಷಿಗಳ ಬಳಗದಲ್ಲೂ ಇತ್ತು, ಅಲ್ಲಿ ಗುರುದೇವ್ ಅಂದರೆ ಬ್ರಹ್ಮಾನಂದರು. ಶೃಂಗೇರಿಗೆ ನಡೆದುಕೊಳ್ಳುವ ಅಪ್ಪ ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಸವರುತ್ತ ಕೂತರು. "ಹಂಗಾದ್ರೆ ಬದರಿಯಿಂದ ಹೊರಟು, ಅಮೆರಿಕಾ ಸುತ್ತಿ, ಭದ್ರೆಗೆ ಬಂತು ಅನ್ನು" ಎಂದರು.

ಸತ್ಸಂಗಕ್ಕೆ ನಾನು ಹೋಗುವುದಿಲ್ಲ. ಚಪ್ಪಾಳೆ ತಟ್ಟಿ ಕುಣಿಯುವ ಜಾಯಮಾನ ನನ್ನದಲ್ಲ. ಮುಂದಿನ ಕೋರ್ಸುಗಳನ್ನೂ ಮಾಡಿಲ್ಲ. ಗುರುಗಳ ಫೋಟೋ ಅಟ್ಟದಲ್ಲಿಲ್ಲ. ದಿನದ ಚಿಕ್ಕ ಕ್ರಿಯೆ ಮಾತ್ರ ಬಿಟ್ಟಿಲ್ಲ. ಕೋರ್ಸಿನಲ್ಲಿ ಮಾಡಿಸಿದ ದೊಡ್ಡದನ್ನು ಟೇಪು ಹಾಕಿ ಎಲ್ಲರ ಜೊತೆ ಕೂತೇ ಮಾಡಬೇಕು. ಹಾಗಾಗಿ ಶನಿವಾರ ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದರೆ ಅಕ್ಕನ ಮನೆಯಲ್ಲಿ ಉಳಿಯುತ್ತೇನೆ. ಭಾನುವಾರ ಬೆಳಿಗ್ಗೆ ಫಾಲೋಅಪ್, ಅಂದರೆ ಆ ದೊಡ್ಡ ಕ್ರಿಯೆ, ಮುಗಿಸಿ ಬರುವಷ್ಟರಲ್ಲಿ ಅಕ್ಕ ಕಡುಬು ಇಳಿಸಿರುತ್ತಾಳೆ. ಬರೀ ಹೊಟ್ಟೆಯಲ್ಲಿ ಹೋದವನು ಅಲ್ವಾ, ಆರೇಳು ಹೋಗುತ್ತದೆ.