“ಮರಾಠಿ ಎಲ್ಲಿ ಕಲ್ತಿ?”: ಭಯದ ಆಟದಲ್ಲಿ ಭಾಷೆ ಸಂಭಾಳಿಸಿದ ನನ್ನ ಅನುಭವ

ನಾನು ಮೊದಲ ಸಲ ‘ಕಾಲ್ ಆಫ್ ಕ್ತುಲ್ಹು’ ಆಡಿಸಿದಾಗ ಆಟ ಒಂದು ಪತ್ರದ ಮುಂದೆ ನಿಂತೇ ಹೋಯಿತು. ಪೋರ್ಚುಗೀಸ್ ಪತ್ರ. ಅದನ್ನು ಓದಿದರೆ ಮಾತ್ರ ಮುಂದಿನ ದಾರಿ. ನಾಲ್ಕು ಪಾತ್ರಗಳಲ್ಲಿ ಒಂದಕ್ಕೆ ಮಾತ್ರ ಆ ಭಾಷೆ ಬರುತ್ತಿತ್ತು, ಅದೂ ನೂರಕ್ಕೆ 40. ದಾಳ ಉರುಳಿಸಿದರು. 83 ಬಿತ್ತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು 1981ರಿಂದ ಇರುವ, ಮೇಜಿನ ಸುತ್ತ ಕೂತು ಆಡುವ ಭಯದ ಕಥೆಯ ಆಟ. ಕಥೆ ಹೆಚ್ಚಾಗಿ 1920ರ ದಶಕದಲ್ಲಿ ನಡೆಯುತ್ತದೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಡುತ್ತಾರೆ. ಪ್ರತಿ ವಿದ್ಯೆಗೂ ನೂರಕ್ಕೆ ಇಷ್ಟು ಅಂತ ಅಂಕ. ನೂರರ ದಾಳ ಅದಕ್ಕಿಂತ ಮೇಲೆ ಬಿದ್ದರೆ ಸೋತಂತೆ. ತಾಯ್ನುಡಿಯ ಅಂಕ ಪಾತ್ರದ ಓದಿಗೆ ಕೊಟ್ಟ ಅಂಕದಷ್ಟೇ ಇರುತ್ತದೆ. ಬೇರೆ ಭಾಷೆ 1ರಿಂದ ಶುರು. ಏಳನೇ ಆವೃತ್ತಿಯಲ್ಲಿ ಒಂದು ಮೆಟ್ಟಿಲೂ ಇದೆ: 5 ಇದ್ದರೆ ಯಾವ ಭಾಷೆ ಅಂತ ಗುರುತು ಸಿಗುತ್ತದೆ, 10ಕ್ಕೆ ಸಣ್ಣಪುಟ್ಟ ಮಾತು, 30ಕ್ಕೆ ವ್ಯವಹಾರ, 50ಕ್ಕೆ ಸರಾಗ, 75ಕ್ಕೆ ಅಲ್ಲೇ ಹುಟ್ಟಿದವರ ಹಾಗೆ.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಬೆಳಗಾವಿಯವರಿಗೆ ಇದು ಕೂಡಿಬರಲ್ಲ. ನಮ್ಮ ಅವ್ವನನ್ನೇ ನೋಡಿ. ಖಡೇಬಜಾರದಲ್ಲಿ ಅವಳು ಮರಾಠಿಯಲ್ಲಿ ಚೌಕಾಸಿ ಮಾಡುವಾಗ ಅಂಗಡಿಯವನೇ ಸೋಲುತ್ತಾನೆ. ಅದೇ ಮರಾಠಿ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಸಮಾಧಾನದ ಎರಡು ಮಾತು ಅವಳ ಬಾಯಿಗೆ ಬರುವುದಿಲ್ಲ. ಸುಮ್ಮನೆ ಕೈ ಹಿಡಿದು ಕೂರುತ್ತಾಳೆ. ಈಗ ಅವಳಿಗೆ 30 ಕೊಡಲೋ, 75 ಕೊಡಲೋ?

ಅದಕ್ಕೇ ಮುಂದಿನ ಆಟಕ್ಕೆ ಅಂಕದ ಜೊತೆಗೆ ಒಂದು ಪ್ರಶ್ನೆಯನ್ನೂ ಇಟ್ಟೆ: ಎಲ್ಲಿ ಕಲ್ತಿ? ಪಾತ್ರ ಬರೆಯುವಾಗ ಪ್ರತಿ ಭಾಷೆಯ ಮುಂದೆ ಒಂದು ಸಾಲಿನ ಉತ್ತರ ಬರೆಯಬೇಕು. ಅಕ್ಕನ ಮಗ ಗೋವೆಯ ಡಾಕ್ಟರ್ ಪಾತ್ರ ತೆಗೆದುಕೊಂಡ. ಪಣಜಿಯಲ್ಲಿ 1842ರಿಂದಲೇ ಪೋರ್ಚುಗೀಸರ ವೈದ್ಯ ಶಾಲೆ ಇತ್ತು, ಅಲ್ಲಿ ಓದಿದೆ ಅಂದ. ಸರಿ, ರೋಗ, ಮದ್ದು, ಶವಪರೀಕ್ಷೆಯ ಕಾಗದ ಬಂದರೆ ಅವನಿಗೆ ದಾಳವೇ ಬೇಡ. ಪ್ರೇಮಪತ್ರ ಬಂದರೆ ಉರುಳಿಸಲಿ. ಸೋತರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಅರ್ಧ ಅರ್ಥ ಕೊಡುತ್ತೇನೆ. ಭಯದ ಆಟದಲ್ಲಿ ಏನೂ ತಿಳಿಯದವನಿಗೆ ಹೆದರಿಕೆ ಇಲ್ಲ, ಪೂರ್ತಿ ತಿಳಿದವನಿಗೂ ಇಲ್ಲ. ಅರ್ಧ ತಿಳಿದವನಿಗೇ ನಿದ್ದೆ ಬರದ್ದು.

ಮಾತು ಬೇರೆ, ಓದು ಬೇರೆ ಅಂತಲೂ ಮಾಡಿದೆ. ಆಗಿನ ಮರಾಠಿ ದಫ್ತರುಗಳು ಎಷ್ಟೋ ಮೋಡಿ ಲಿಪಿಯಲ್ಲಿದ್ದವು. ಲೇಖಣಿ ಎತ್ತದೆ ಸರಸರ ಬರೆಯುವ ಲಿಪಿ ಅದು. ಮನೆಮಾತೇ ಮರಾಠಿ ಇದ್ದರೂ ರೂಢಿ ಇಲ್ಲದವನಿಗೆ ಓದಲು ಆಗದು. “ಇದು ಮೋಡಿ ಕಾಗದ” ಅಂತ ನಾನು ಹೇಳಿದ್ದೇ ತಡ, ಒಬ್ಬ ಮಾಟದ ಕಾಗದ ಅಂತ ತಿಳಿದು ದೀಪಕ್ಕೆ ಹಿಡಿದು ಸುಟ್ಟೇಬಿಟ್ಟ! ಮೂರು ದಿನ ಕೂತು ಕಟ್ಟಿದ ಸುಳಿವು. ಹೋಗ್ಲಿ ಬಿಡಿ.

ಕಾಲ 1924ರ ಡಿಸೆಂಬರ್ ಇಟ್ಟಿದ್ದೆ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಕಾಂಗ್ರೆಸ್ ಅಧಿವೇಶನ ನಮ್ಮ ಬೆಳಗಾವಿಯಲ್ಲೇ ನಡೆದ ತಿಂಗಳು. ಊರೊಳಗೆ ಬಂಗಾಳಿ, ಗುಜರಾತಿ, ತಮಿಳು ಯಾವುದೇ ಮಾತಾಡುವವರನ್ನು ತಂದರೂ ಯಾರೂ “ಇವ ಇಲ್ಲಿ ಹೆಂಗ ಬಂದ?” ಅಂತ ಕೇಳುವುದಿಲ್ಲ. ದಂಡಿನ ಪ್ರದೇಶದಲ್ಲಿ ಇಂಗ್ಲಿಷ್ ಹೇಗೂ ಇತ್ತು.

ಇನ್ನೊಂದು ತಲೆನೋವು ಆಡುವವರದ್ದು. ಖಾನಾಪುರದ ಗೆಳೆಯನಿಗೆ ಮರಾಠಿ ನೀರು ಕುಡಿದಂತೆ. ಅವನ ಪಾತ್ರ ಮಾತ್ರ ಮೈಸೂರು ಕಡೆಯ ಸರ್ವೇಯರ್, ಮರಾಠಿಯ ಗಂಧವೇ ಇಲ್ಲ. ನಾನು ಮರಾಠಿಯಲ್ಲಿ ಒಂದು ಸಾಲು ಹೇಳಿದರೆ ಅವನ ಮುಖವೇ ಎಲ್ಲ ಹೇಳಿಬಿಡುತ್ತಿತ್ತು. ಅದಕ್ಕೆ ಚೀಟಿ ಶುರು ಮಾಡಿದೆ. ಅರ್ಥವನ್ನು ಕನ್ನಡದಲ್ಲೇ ಬರೆದು, ಆ ಭಾಷೆ ಬಲ್ಲ ಪಾತ್ರದವರಿಗೆ ಮಾತ್ರ ಕೊಡುವುದು. ಅವರು ಉಳಿದವರಿಗೆ ತಮ್ಮ ಬಾಯಲ್ಲಿ ಹೇಳಬೇಕು. ಹೇಳಲೇಬೇಕು ಅಂತೇನಿಲ್ಲ. ಡಾಕ್ಟರ್ ಒಂದು ಚೀಟಿ ಓದಿ “ಏನಿಲ್ಲ, ಔಷಧದ ಲೆಕ್ಕ” ಅಂದು ಕಿಸೆಯಲ್ಲಿ ಇಟ್ಟುಕೊಂಡ. ಅದರಲ್ಲಿ ಅವನದೇ ಹೆಸರಿತ್ತು.

ಆದರೆ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಪರಭಾಷೆ ಅಲ್ಲ, ಕನ್ನಡವೇ. ಕೋಟೆಯೊಳಗಿನ ಕಮಲ ಬಸದಿ ರಟ್ಟರ ಕಾಲದ್ದು, 1204ರದ್ದು. ಅದೇ ಕಾಲದ ಇನ್ನೊಂದು ಬಸದಿಯನ್ನು ಖಾನಾಪುರದ ಕಾಡಿನಲ್ಲಿ ನಾನೇ ಕಟ್ಟಿದೆ, ಕಾಗದದ ಮೇಲೆ. ಬಾಗಿಲಿಗೆ ಅಡ್ಡ ಒಂದು ಕಲ್ಲು. ಕಲ್ಲಿನ ಮೇಲೆ ಒಂದು ಸಾಲು, ನನಗೆ ಬಂದಷ್ಟು ಹಳಗನ್ನಡದಲ್ಲಿ: “ಪಾವಂ ಪೊಱಗೆ ಬಿಡದಿರ್.” ನಾಲ್ವರ ಪಾತ್ರಕ್ಕೂ ಕನ್ನಡ 60ರ ಮೇಲೆ. ದಾಳ ಕೇಳಲಿಲ್ಲ, ಸಾಲನ್ನು ಹಾಗೇ ಬರೆದುಕೊಟ್ಟೆ.

“ಪೊರಗೆ ಅಂದ್ರ ಹೊರಗೆ,” ಅಂದ ಗೆಳೆಯ. ಚಪ್ಪಾಳೆ.

“ಪಾವ್ ಹೊರಗ ಬಿಡಬ್ಯಾಡ... ಮಾಮಾ, ಪಾವ್ ಭಾಜಿ ಆಗಿನ ಕಾಲದಾಗೂ ಇತ್ತೇನು?” ಅಕ್ಕನ ಮಗ. ಎಲ್ಲರೂ ನಕ್ಕರು.

ಕೊನೆಗೆ ಅಳತೆಯ ಪಾವು ಅಂತ ತೀರ್ಮಾನವಾಯಿತು. ಮೆಟ್ಟಿಲ ಹತ್ತಿರ ಒಂದು ಹಿತ್ತಾಳೆಯ ಪಾವು ಬಿದ್ದಿದೆ ಅಂತ ನಾನೇ ಮೊದಲು ಹೇಳಿದ್ದೆ. ಪಾಪ, ದೇವರ ಅಕ್ಕಿ ಅಳೆಯುವ ಪಾವು ಹೊರಗೆ ಉಳಿದಿದೆ, ಒಳಗಿಟ್ಟರೆ ಶಾಪ ಹೋಗುತ್ತದೆ. ನಾಲ್ವರೂ ಸೇರಿ ಕಲ್ಲು ಸರಿಸಿದರು. ಪಾವನ್ನು ಒಳಗಿಟ್ಟು ಕೈಮುಗಿದು ಬಂದರು. ಒಳಗೆ ಏನೂ ಇಲ್ಲ, ಬರೀ ಕತ್ತಲೆ ಅಂದೆ.

ಚಹಾ ಬಂತು. ಗೆಳೆಯ ಲೋಟ ತುಟಿಗಿಟ್ಟವನು ಹಾಗೇ ನಿಂತ. “ಅಲ್ಲೋ, ಪೊರಗೆ ಹೊರಗೆ ಆದ್ರ,” ಅಂದ ನಿಧಾನಕ್ಕೆ, “ಪಾವು ಏನಾತು?”

ಆಟದ ಲೆಕ್ಕದಲ್ಲಿ ಕಲ್ಲು ಸರಿಸಿ ಆಗಲೇ ಅರ್ಧ ತಾಸಾಗಿತ್ತು.