ಪ್ರೊಸೆಸರ್ ಕೊಳ್ಳುವ ಮುನ್ನ ಪೂರ್ತಿ ನಂಬರ್ ಓದಿ

ಅಕ್ಕನ ಮಗ ಕಾಲೇಜು ಸೇರಿದಾಗ ಒಂದು ಅಂಗಡಿಯಿಂದ ಡೆಸ್ಕ್‌ಟಾಪ್ ತಂದ. ‘ಮಾಮ, ಕಡಿಮೆ ರೇಟಿಗೆ ಐ7 ಸಿಕ್ತು’ ಅಂತ ಖುಷಿಯಲ್ಲಿದ್ದ. ಐ7 ಅಂದರೆ ಇಂಟೆಲ್ ಕಂಪನಿಯ ಮೇಲ್ದರ್ಜೆಯ ಪ್ರೊಸೆಸರ್, ಕಂಪ್ಯೂಟರಿನ ಮಿದುಳಿನಂಥ ಚಿಪ್. ತೆರೆದು ನೋಡಿದರೆ ಐ7-3770, ಅಂದರೆ 2012ರ ಚಿಪ್. ಇಂಟೆಲ್‌ನಲ್ಲಿ 8ನೇ ಜನರೇಷನ್‌ಗಿಂತ ಹಳೆಯ ಚಿಪ್ ಇದ್ದರೆ ಸಾಮಾನ್ಯವಾಗಿ ವಿಂಡೋಸ್ 11 ಸರಿಯಾದ ದಾರಿಯಲ್ಲಿ ಹಾಕಲು ಆಗುವುದಿಲ್ಲ. ಹುಡುಗನ ಮುಖ ನೋಡಿ ನನಗೆ ಹೊಟ್ಟೆ ಉರಿಯಿತು.

ಹಾಗಾಗಿ ಮೊದಲು ನಂಬರ್ ಓದುವುದನ್ನು ಕಲಿಯಿರಿ. 3770 ಅಂದರೆ 3ನೇ ಜನರೇಷನ್. 12100 ಅಂದರೆ 12ನೆಯದು. ಐ3-12100ಕ್ಕೂ ಆ ಹಳೇ ಐ7ಗೂ 4 ಕೋರ್ (ಚಿಪ್ಪಿನೊಳಗೆ ಕೆಲಸ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ). ಆದರೆ 10 ವರ್ಷ ಈಚಿನ ಐ3 ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ.

ಕೊನೆಯ ಅಕ್ಷರವೂ ಮುಖ್ಯ. ಇಂಟೆಲ್‌ನಲ್ಲಿ ಎಫ್ ಇದ್ದರೆ ಚಿಪ್ಪಿನೊಳಗೆ ಗ್ರಾಫಿಕ್ಸ್ (ಪರದೆಗೆ ಚಿತ್ರ ಕಳಿಸುವ ಭಾಗ) ಇಲ್ಲ ಎಂದರ್ಥ. ಐ5-12400ಎಫ್ ತಂದು, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಕೆ ಇದ್ದರೆ ಓವರ್‌ಕ್ಲಾಕ್ (ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸುವುದು) ಮಾಡಬಹುದು, ಆದರೆ ಚಿಪ್ ತಣ್ಣಗಿಡುವ ಕೂಲರ್ ಬೇರೆ ಕೊಳ್ಳಬೇಕು. ಎಎಂಡಿ ಕಂಪನಿಯ ರೈಜೆನ್ 5600ಕ್ಕೆ ಗ್ರಾಫಿಕ್ಸ್ ಇಲ್ಲ, 5600ಜಿಗೆ ಇದೆ.

ಈಗಾಗಲೇ ಕಂಪ್ಯೂಟರ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ನೋಡಿ. ಮಷಿನ್ ಎಳೆದಾಡುವಾಗ ಡಿಸ್ಕ್ ಶೇ 100ಕ್ಕೆ ಮುಟ್ಟಿದ್ದರೆ ತಪ್ಪು ಪ್ರೊಸೆಸರ್‌ದಲ್ಲ. ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿ, ಬಹಳ ಜನಕ್ಕೆ ಅಷ್ಟೇ ಸಾಕು.

ಆಮೇಲೆ ಕೆಲಸ ಯಾವುದು ಅಂತ ಯೋಚಿಸಿ. ನುಡಿಯಲ್ಲಿ ಟೈಪಿಂಗ್, ಟ್ಯಾಲಿ, ಬ್ರೌಸರ್‌ಗೆ 4 ಕೋರ್ ಧಾರಾಳ. ಗೇಮ್ ಆಡುವವರಿಗೆ 6 ಕೋರ್ ಸಾಕು, ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಲಿ. ದಿನವಿಡೀ ವಿಡಿಯೊ ಎಡಿಟ್ ಮಾಡುವವರು ಮಾತ್ರ 8 ಕೋರ್ ಅಥವಾ ಜಾಸ್ತಿ ನೋಡಿ.

ಬೆಲೆ ಹೋಲಿಸುವಾಗ ಚಿಪ್ ಒಂದನ್ನೇ ನೋಡಬೇಡಿ. ಮದರ್‌ಬೋರ್ಡ್, ರ್‍ಯಾಮ್ ಸೇರಿಸಿ ಲೆಕ್ಕ ಹಾಕಿ. ರೈಜೆನ್ 5 7600 ಕೂರುವ ಎಎಂ5 ಸಾಕೆಟ್ (ಚಿಪ್ ಕೂರುವ ಜಾಗ) ಇರುವ ಬೋರ್ಡ್‌ಗೆ ಡಿಡಿಆರ್5 ರ್‍ಯಾಮೇ ಬೇಕು, ಹಳೇ ರ್‍ಯಾಮ್ ನಡೆಯುವುದಿಲ್ಲ. ಆದರೆ 2027ರವರೆಗೂ ಈ ಸಾಕೆಟ್‌ಗೆ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ಮುಂದೆ ಚಿಪ್ ಮಾತ್ರ ಬದಲಿಸಬೇಕು ಅಂದುಕೊಂಡವರಿಗೆ ನಾನು ಹೇಳುವುದು ಎಎಂ5 ಅನ್ನೇ. ಇಂಟೆಲ್‌ನ ಎಲ್‌ಜಿಎ1700 ಬೋರ್ಡ್‌ಗಳಲ್ಲಿ ಹಿಂದಿನ ಪೀಳಿಗೆಯ ಡಿಡಿಆರ್4 ಹಾಕುವಂಥವೂ ಸಿಗುತ್ತವೆ. ಕೈಯಲ್ಲಿ ಹಳೇ ರ್‍ಯಾಮ್ ಇದ್ದರೆ ಅದು ಉಳಿತಾಯ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೊಳ್ಳುವುದಾದರೆ ಎರಡು ಮೂರು ಅಂಗಡಿ ವಿಚಾರಿಸಿ. ಸೀಲ್ ಇರುವ ಬಾಕ್ಸ್ ಕೇಳಿ. ‘ಟ್ರೇ’ ಚಿಪ್ (ಬಾಕ್ಸ್ ಇಲ್ಲದ ಬಿಡಿ ಚಿಪ್) ಅಗ್ಗ ಅಂತ ಕೊಟ್ಟರೆ ಕೂಲರ್ ಇರುವುದಿಲ್ಲ. ವಾರಂಟಿ ಯಾರು ಕೊಡುತ್ತಾರೆ ಅಂತ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಚಿಪ್ಪಿನ ಪೂರ್ತಿ ನಂಬರ್ ಕೂಡ ಬಿಲ್ಲಿನಲ್ಲಿರಲಿ.

ಕೂರಿಸುವಾಗ ಆತುರ ಬೇಡ. ಚಿಪ್ಪಿನ ಒಂದು ಮೂಲೆಯಲ್ಲಿ ಪುಟ್ಟ ತ್ರಿಕೋನ ಇರುತ್ತದೆ. ಸಾಕೆಟ್ ಹತ್ತಿರವೂ ಅಂಥದ್ದೇ ಗುರುತು ಇದೆ. ಎರಡನ್ನೂ ಹೊಂದಿಸಿ, ಸುಮ್ನೆ ಇಟ್ಟುಬಿಡಿ. ಒತ್ತಬೇಡಿ, ತಾನಾಗಿ ಕೂರುತ್ತದೆ.