ಹಾರ್ಡ್ ಡಿಸ್ಕ್‌ನಿಂದ ನುಡಿ ಫೈಲುಗಳನ್ನು ಹೊರತೆಗೆದದ್ದು

ಚಾಮರಾಜಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರು 500 ಜಿಬಿ ಹಾರ್ಡ್ ಡಿಸ್ಕ್ ತಂದುಕೊಟ್ಟರು. ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್ 'ಫಾರ್ಮ್ಯಾಟ್ ಮಾಡಲಾ?' ಅಂತ ಕೇಳುತ್ತಿತ್ತು. ಪುಣ್ಯಕ್ಕೆ ಅವರು ಹೂಂ ಅಂದಿರಲಿಲ್ಲ.

ಮೊದಲು ಕಿವಿಗೊಟ್ಟು ಕೇಳಿದೆ. ಟಕ್ ಟಕ್ ಸದ್ದು ಬಂದರೆ ಒಳಗೆ ಡೇಟಾ ಓದುವ ಹೆಡ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಅಂಥದ್ದನ್ನು ನಾನು ಮುಟ್ಟುವುದಿಲ್ಲ, ಡಿಸ್ಕ್ ಬಿಚ್ಚಲು ಧೂಳಿಲ್ಲದ ಕ್ಲೀನ್ ರೂಮ್ ಇರುವವರ ಹತ್ರ ಕಳಿಸುತ್ತೇನೆ. (ಫ್ರೀಜರ್‌ನಲ್ಲಿಟ್ಟು ತೆಗೆಯಿರಿ ಅನ್ನುವ ಸಲಹೆ ಇನ್ನೂ ಓಡಾಡುತ್ತಿದೆ. ದಯವಿಟ್ಟು ಬೇಡ, ಒಳಗೆ ತೇವ ಕೂತರೆ ಇದ್ದದ್ದೂ ಹೋಗುತ್ತದೆ.) ಈ ಡಿಸ್ಕ್ ಸದ್ದಿಲ್ಲದೆ ತಿರುಗುತ್ತಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಮಾತ್ರ ಪೆಂಡಿಂಗ್ ಸೆಕ್ಟರ್‌ಗಳು, ಅಂದರೆ ಓದಲು ತೊಡಕಾದ ತುಣುಕುಗಳು, ಕಂಡವು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿನಿಂದ 1 ಟಿಬಿ ಡಿಸ್ಕ್ ತರಿಸಿ, ಲಿನಕ್ಸ್‌ನಲ್ಲಿ ಕೆಟ್ಟ ಡಿಸ್ಕ್ ನಕಲಿಸುವ ಡಿಡಿರೆಸ್ಕ್ಯೂ ಓಡಿಸಿ ಪೂರ್ತಿ ಇಮೇಜ್, ಅಂದರೆ ಇಡೀ ಡಿಸ್ಕಿನ ಪಡಿಯಚ್ಚು, ತೆಗೆದೆ. ಓದಲು ಬರುವುದನ್ನೆಲ್ಲ ಅದು ಮೊದಲು ಬಾಚಿಕೊಳ್ಳುತ್ತದೆ, ಹಠ ಮಾಡುವ ಸೆಕ್ಟರ್‌ಗಳ ಹತ್ರ ಕೊನೆಗೆ ಹೋಗುತ್ತದೆ. ಎಲ್ಲಿವರೆಗೆ ಆಯಿತು ಅನ್ನುವುದನ್ನು ಮ್ಯಾಪ್‌ಫೈಲ್‌ನಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋಯಿತು. ಬಂದ ಮೇಲೆ ಅದೇ ಕಮಾಂಡ್ ಕೊಟ್ಟೆ, ನಿಂತಲ್ಲಿಂದಲೇ ಮುಂದುವರಿಯಿತು. ಆಮೇಲೆ ಹಳೇ ಡಿಸ್ಕನ್ನು ಬಿಚ್ಚಿಟ್ಟು, ಎಲ್ಲ ಕೆಲಸ ಇಮೇಜ್ ಮೇಲೆ ಮಾಡಿದೆ.

ಕಳೆದುಹೋದ ಪಾರ್ಟಿಷನ್ (ಡಿಸ್ಕಿನ ವಿಭಾಗ) ಹುಡುಕುವ ಟೆಸ್ಟ್‌ಡಿಸ್ಕ್‌ಗೆ ಅದು ಸಿಕ್ಕಿತು. ಆದರೆ ಫೈಲುಗಳ ಹೆಸರು, ಜಾಗ ಎಲ್ಲ ಬರೆದಿಡುವ ಎಂಎಫ್‌ಟಿ ಎಂಬ ಪಟ್ಟಿಯೇ ಹಾಳಾಗಿತ್ತು. ಇನ್ನು ಫೈಲು ಹೆಕ್ಕುವ ಫೋಟೋರೆಕ್ ಎಂಬ ಪ್ರೋಗ್ರಾಂ ಒಂದೇ ದಾರಿ. ಅದು ಫೈಲುಗಳ ಲೆಕ್ಕ ಇಡುವ ಫೈಲ್ ಸಿಸ್ಟಮ್ ಕಡೆ ತಿರುಗಿಯೂ ನೋಡುವುದಿಲ್ಲ. ಪ್ರತಿ ಬಗೆಯ ಫೈಲಿನ ಆರಂಭದಲ್ಲಿರುವ ಗುರುತಿನ ಬೈಟ್‌ಗಳನ್ನು ಹುಡುಕಿ ಅಲ್ಲಿಂದ ಎತ್ತುತ್ತದೆ. ಫೈಲುಗಳು ಬಂದವು, ಹೆಸರು ಬರಲಿಲ್ಲ. ಎಲ್ಲದಕ್ಕೂ ಒಂದಕ್ಷರ, ಮುಂದೆ ಉದ್ದನೆಯ ನಂಬರ್.

ನಿಜವಾದ ಒದ್ದಾಟ ಶುರುವಾದದ್ದು ಇಲ್ಲಿ. ಅವರಿಗೆ ಬೇಕಿದ್ದದ್ದು ಲಗ್ನಪತ್ರಿಕೆಗಳ ವರ್ಡ್ ಫೈಲು. ಎಲ್ಲವನ್ನೂ ಟೆಕ್ಸ್ಟ್ ಮಾಡಿ 'ಲಗ್ನ' ಅಂತ ಹುಡುಕಿದರೆ ಒಂದೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಎಲ್ಲ ಹಳೇ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದು, ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಯುನಿಕೋಡ್ ಅಲ್ಲ. ಫಾಂಟ್ ತೆಗೆದರೆ ಕನ್ನಡವೇ ಇಲ್ಲ, ತಲೆ ಮೇಲೆ ಗೀಟು ಚುಕ್ಕೆ ಇರುವ ರೋಮನ್ ಅಕ್ಷರಗಳು. ಒಂದು ಪತ್ರಿಕೆ ತೆರೆದು, 'ಲಗ್ನ' ಇದ್ದ ಕಡೆಯ ಆ ವಿಚಿತ್ರ ಅಕ್ಷರಗಳನ್ನೇ ಕಾಪಿ ಮಾಡಿ ಹುಡುಕಿದೆ. ಸಾಲಾಗಿ ಬಂದವು! ಗಿರಾಕಿಗಳ ಮನೆತನದ ಹೆಸರುಗಳನ್ನೂ ಹೀಗೇ ಹಿಡಿದೆ.

ವಿನ್ಯಾಸ ಮಾಡುವ ಕೋರೆಲ್ ಸಾಫ್ಟ್‌ವೇರಿನ ದೊಡ್ಡ ಫೈಲುಗಳು ಕೆಲವು ತೆರೆಯಲೇ ಇಲ್ಲ. ಡಿಸ್ಕ್‌ನಲ್ಲಿ ತುಂಡುತುಂಡಾಗಿ ಚದುರಿದ್ದರೆ ಫೋಟೋರೆಕ್‌ಗೆ ಜೋಡಿಸುವುದು ಕಷ್ಟ. ಅವನ್ನು ಅವರು ಮತ್ತೆ ಮಾಡಿಕೊಂಡರು.

ಈಗ ಅಂಗಡಿಗೆ ಎಸ್‌ಎಸ್‌ಡಿ ಬಂದಿದೆ. ಅದರಲ್ಲಿ ಡಿಲೀಟ್ ಆಗಿ ಟ್ರಿಮ್ (ಅಳಿಸಿದ ಫೈಲಿನ ಜಾಗವನ್ನು ಖಾಲಿ ಮಾಡಿಸುವ ಆಜ್ಞೆ) ನಡೆದರೆ ಈ ಆಟ ಯಾವುದೂ ನಡೆಯಲ್ಲ ಅಂತ ಹೇಳಿ, 1 ಟಿಬಿ ಡಿಸ್ಕನ್ನು ಬ್ಯಾಕಪ್‌ಗೆ ಅಂತ ಅವರಿಗೇ ಬಿಟ್ಟೆ.